ದಾವಣಗೆರೆಯೋ ಬೆಂಗಳೂರೋ

(ಉಚ್ಚಂಗಿದುರ್ಗದಲ್ಲಿ ನಮ್ಮ ಯುವಕರ ಸಭೆಯಲ್ಲಿ ಆಡಿದ ಮಾತುಗಳು. ಅರ್ಧ ಬರೆದುಕೊಂಡು ಹೋದದ್ದು, ಅರ್ಧ ನಿಂತಲ್ಲೇ ಹೇಳಿದ್ದು.)



ನನ್ನನ್ನು ಇಲ್ಲಿಗೆ ಪದ್ಯ ಓದಲಿಕ್ಕೆ ಕರೆದಿದ್ದಾರೆ. ಪದ್ಯ ಆಮೇಲೆ ಓದುತ್ತೇನೆ, ಅದೇನು ಓಡಿ ಹೋಗುವುದಿಲ್ಲ. ಓಡಿ ಹೋಗುತ್ತಿರುವವರು ನಾವು. ಸಂಜೆ ಕಟ್ಟೆ ಮೇಲೆ ನಾಲ್ಕು ಹುಡುಗರು ಕೂತರೆ ಒಂದೇ ಮಾತು: ದಾವಣಗೆರೆಗೆ ಹೋಗಾದೋ, ಬೆಂಗಳೂರಿಗೆ ಹೋಗಾದೋ? ಹೋಗಾದೇ ಬ್ಯಾಡ ಅನ್ನುವ ಹುಡುಗ ಒಬ್ಬನೂ ಸಿಕ್ಕಲಿಲ್ಲ.

ಯಾಕೆ ಹೋಗಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೆಕ್ಕೆಜೋಳದ ಸುಗ್ಗಿ ಮುಗಿದರೆ ಕೂಲಿ ಇಲ್ಲ. ಬಿ.ಎ. ಓದಿದವನನ್ನು ಸುಗ್ಗಿಯಲ್ಲೂ ಕರೆಯುವುದಿಲ್ಲ, ಇವನು ಲೆಕ್ಕ ಕೇಳ್ತಾನೆ ಅಂತ. ಹಳ್ಳಿಯನ್ನು ಹಾಡಿ ಹೊಗಳುತ್ತಿದ್ದವರ ಮುಂದೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಣ್ಣ ಬಯಲು ಮಾಡಿದರು. ಅದು ನಿಮಗೆ ಗೊತ್ತು. ಆದರೆ ಹಳ್ಳಿ ಬಿಟ್ಟವನು ಯಾವ ಪಟ್ಟಣಕ್ಕೆ ಹೋಗಬೇಕು ಅಂತ ಅವರು ಚೀಟಿ ಬರೆದು ಕೊಟ್ಟಿಲ್ಲ. ಅದನ್ನು ನಾವೇ ಯೋಚನೆ ಮಾಡಬೇಕು. ನಾನಂತೂ ಈ ಸೋಮವಾರದೊಳಗೆ ಮಾಡಬೇಕು. ಎರಡು ಕಡೆಯಿಂದ ಕೆಲಸಕ್ಕೆ ಕರೆದಿದ್ದಾರೆ, ಎರಡೂ ಪ್ರೆಸ್ಸಿನ ಕೆಲಸ. ಬೆಂಗಳೂರಿನದು ಸಂಬಳ ಜಾಸ್ತಿ.

ಮೊದಲು ಒಂದು ಸಣ್ಣ ಮಾತು ಮುಗಿಸಿಬಿಡುತ್ತೇನೆ. ನಮ್ಮ ಹರಪನಹಳ್ಳಿ ತಾಲ್ಲೂಕಿನದು ವಿಚಿತ್ರ ಹಣೆಬರಹ. ನಮ್ಮ ಅಜ್ಜಂದಿರು ಬಳ್ಳಾರಿ ಜಿಲ್ಲೆಯವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮನ್ನು ಅದಕ್ಕೆ ಸೇರಿಸಿದರು. 2018ರಲ್ಲಿ ತಿರುಗಿ ಬಳ್ಳಾರಿಗೆ ಹಾಕಿದರು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಈಗ ಡಿ.ಸಿ. ಆಫೀಸು ಹೊಸಪೇಟೆಯಲ್ಲಿ. ಕೂತಲ್ಲೇ ಕೂತು ಮೂರು ಸಲ ಜಿಲ್ಲೆ ಬದಲಾಯಿಸಿದ ಜನ ನಾವು. ಇದರಲ್ಲಿ ಆದ ಲಾಭ ಒಂದೇ, 371(ಜೆ). ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಸರ್ಕಾರಿ ಕೆಲಸಕ್ಕೂ ಕಾಲೇಜು ಸೀಟಿಗೂ ಸ್ಥಳೀಯರಿಗೆ ಮೀಸಲಾತಿ ಉಂಟು. ಆ ಸರ್ಟಿಫಿಕೇಟು ಮಾಡಿಸದೆ ಇಲ್ಲಿ ಯಾರಾದರೂ ಕೂತಿದ್ದರೆ ನಾಳೆಯೇ ಅರ್ಜಿ ಹಾಕಿ. ಸರ್ಕಾರಿ ಕೆಲಸ ಸಿಕ್ಕಿದವನಿಗೆ ಈ ಭಾಷಣ ಬೇಕಾಗಿಲ್ಲ. ಸಿಗದವನ ಕಾಗದ ಹೊಸಪೇಟೆಗೆ ಹೋದರೂ ಕಾಲು ಹೋಗುವುದು ದಾವಣಗೆರೆಗೆ. ಹೆರಿಗೆಗೆ ದಾವಣಗೆರೆ, ಮದುವೆ ಬಟ್ಟೆಗೆ ದಾವಣಗೆರೆ, ಕಾಲೇಜಿಗೆ ದಾವಣಗೆರೆ. ಬಸ್ಸು ಹತ್ತಿದರೆ ಒಂದು ಗಂಟೆ.

ಆ ಒಂದು ಗಂಟೆಯೇ ನಮ್ಮ ಸಮಸ್ಯೆ.

ನಮ್ಮ ಹಿರಿಯರ ಕಾಲಕ್ಕೆ ದಾವಣಗೆರೆ ಎಂದರೆ ಹತ್ತಿ ಮಿಲ್ಲು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ನಾವೂ ಪಾಠದಲ್ಲಿ ಬಾಯಿಪಾಠ ಮಾಡಿದವರೇ. ಕಾರ್ಮಿಕರ ಪರವಾಗಿ ಕೆಂಬಾವುಟ ಹಿಡಿದ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು ಅದು. ಮಿಲ್ಲಿನ ಗೇಟಿನೊಳಗೆ ಹೋದವನಿಗೆ ಸಂಬಳ ಇತ್ತು, ಯೂನಿಯನ್ ಇತ್ತು, ಜೊತೆಗೆ ನಿಲ್ಲುವ ಜನ ಇದ್ದರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಉಳಿದದ್ದು ಅಂಗಡಿ, ಆಸ್ಪತ್ರೆ, ಕಾಲೇಜು, ಮಂಡಕ್ಕಿ ಭಟ್ಟಿ. ಅಂಗಡಿಯಲ್ಲಿ ಒಬ್ಬ ಮಾಲೀಕ, ಇಬ್ಬರು ಹುಡುಗರು. ಅಲ್ಲಿ ಎಂಥ ಯೂನಿಯನ್ನು?

ಬಿ.ಎ. ಮುಗಿಸಿದ ವರ್ಷ ನಾನು ದಾವಣಗೆರೆಯಲ್ಲಿ ರೂಮು ಹುಡುಕಲು ಹೋದೆ. ಮೊದಲನೇ ಮನೆಯ ಯಜಮಾನರು ಬಹಳ ಒಳ್ಳೆಯವರು.

"ಯಾವೂರಪ್ಪಾ ನಿಂದು?"

"ಉಚ್ಚಂಗಿದುರ್ಗ."

"ಓಹೋ, ಉಚ್ಚಂಗಮ್ಮನ ಊರು! ನಮ್ಮ ಮನೆದೇವ್ರು ಕಣಪ್ಪಾ ಅದು. ಹುಣ್ಣಿಮೆಗೆ ತಪ್ಪಿಸಂಗಿಲ್ಲ. ಬಾ, ಕೂತ್ಕ."

ಕೂತೆ. ನೀರು ತರಲು ಒಳಗೆ ಕೂಗಿ ಹೇಳಿದರು.

"ಊರಾಗ ಯಾವ ಕಡೆ ನಿಮ್ಮ ಮನಿ?"

ಹೇಳಿದೆ. ಒಳಗಿಂದ ನೀರು ಬರಲಿಲ್ಲ.

"ಹಾಂ... ಏನಂದ್ರ, ನಮ್ಮ ಅಳಿಯ ಒಬ್ಬ ಬರ್ತೀನಿ ಅಂದಾನ ಈ ಮನಿಗೆ. ಅವನ್ನ ಕೇಳಿ ಹೇಳ್ತೀನಿ, ಆಮ್ಯಾಲೆ ಬಾ."

ಆ ಅಳಿಯ ಒಂದು ತಿಂಗಳಾದರೂ ಬರಲಿಲ್ಲ. 'ಮನೆ ಬಾಡಿಗೆಗೆ ಇದೆ' ಬೋರ್ಡು ಗಾಳಿಗೆ ಆಡುತ್ತಿತ್ತು. ಎರಡನೇ ಮನೆಗೆ ಹೋದೆ, ಅಲ್ಲೂ ಅಳಿಯ. ಮೂರನೇದರಲ್ಲಿ ಅಳಿಯ ಅಲ್ಲ, ತಂಗಿ ಮಗ. ದಾವಣಗೆರೆಯಲ್ಲಿ ಇಷ್ಟೊಂದು ಅಳಿಯಂದಿರು ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಜಾತಿಗಾಗಿ ಕೊಡುವುದಿಲ್ಲ ಅಂತ ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಸ್ಟೇಷನ್ನಿಗೆ ಹೋಗಬಹುದಿತ್ತು. ಅಳಿಯನ ಮೇಲೆ ಕೇಸು ಹಾಕಲು ಬರುತ್ತದೆಯೇ? ಅಮ್ಮ ಅವರಿಗೂ ದೇವರು, ನಮಗೂ ದೇವರು. ಅಮ್ಮನ ಗುಡ್ಡದ ಬುಡದಲ್ಲಿ ಹುಟ್ಟಿದವನು ಮಾತ್ರ ಬೇಡ.

ಸಿಟ್ಟಿನಲ್ಲಿ ಬೆಂಗಳೂರು ಬಸ್ಸು ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸಾವಿರ ಜನ ಇದ್ದರು, ಒಬ್ಬರೂ ಯಾವೂರು ಅನ್ನಲಿಲ್ಲ. ಆಗ ನನಗಾದ ಸಂತೋಷವನ್ನು ಸುಳ್ಳು ಅನ್ನಲಾರೆ. ಹೆಗಲ ಮೇಲಿಂದ ಮೂಟೆ ಇಳಿಸಿದ ಹಾಗಾಯಿತು. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಊರು ಉಚ್ಚಂಗಿದುರ್ಗ ಅಂದರೆ, "ಚಿತ್ರದುರ್ಗಾನಾ?" ಅಂದರು. ಹೂಂ ಅಂದೆ. ಅದು ಮೊದಲನೇ ಸುಳ್ಳು. ಮೂರನೇ ಮಹಡಿ ಮೇಲೆ ಒಂದು ರೂಮು. ಮನೆಯ ಓನರಮ್ಮ ಊರು ಕೇಳಲಿಲ್ಲ, ಕೇರಿ ಕೇಳಲಿಲ್ಲ. "ನಾನ್‌ವೆಜ್ ಮಾಡ್ತೀರಾ?" ಅಂದರು. ಇಲ್ಲ ಅಂದೆ. ಎರಡನೇದು.

ಅಲ್ಲಿಂದ ಮುಂದಕ್ಕೆ ಲೆಕ್ಕ ಇಡಲಿಲ್ಲ. ಎಂಟು ತಿಂಗಳು ಆ ರೂಮಿನಲ್ಲಿ ಒಂದು ಮೊಟ್ಟೆ ಬೇಯಿಸಲಿಲ್ಲ. ಬಾಬಾಸಾಹೇಬರ ಫೋಟೋ ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಇತ್ತು. ಹಗಲು ಪ್ರೆಸ್ಸಿನಲ್ಲಿ ಬೇರೆಯವರ ತಪ್ಪು ತಿದ್ದುತ್ತಿದ್ದೆ, ರಾತ್ರಿ ನನ್ನ ಬಾಯನ್ನು ತಿದ್ದಿಕೊಳ್ಳುತ್ತಿದ್ದೆ, ಐತಿ ಅನ್ನುವ ಕಡೆ ಇದೆ ಅನ್ನಲು. ಒಂದು ಪದ್ಯ ಹುಟ್ಟಲಿಲ್ಲ. ಏಪ್ರಿಲ್ 14 ಬಂತು. ಮೆರವಣಿಗೆಗೆ ಕರೆಯಲು ಗೆಳೆಯನೊಬ್ಬ ಹೆಗಲಿಗೆ ನೀಲಿ ಶಾಲು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ, ಬಾಗಿಲಲ್ಲೇ ನಿಂತು ಜೈ ಭೀಮ್ ಅಂತ ಕೂಗಿದ. ಅವನದೇನು ತಪ್ಪು? ಕೂಗುವ ದಿನ ಅದು. ನಾನು ಅವನನ್ನು ಗಬಕ್ಕನೆ ಒಳಗೆ ಎಳೆದು ಬಾಗಿಲು ಹಾಕಿದೆ. ಆ ಬಾಗಿಲು ಹಾಕಿದ್ದು ನನಗೆ ಇನ್ನೂ ಚುಚ್ಚುತ್ತದೆ. ಮುಂದಿನ ವಾರ ಓನರಮ್ಮನ ಮಗನಿಗೆ ಮದುವೆ ಗೊತ್ತಾಯಿತು, ರೂಮು ಬೇಕಾಯಿತು. ಸುಣ್ಣ ಬಣ್ಣದ ಲೆಕ್ಕದಲ್ಲಿ ಅಡ್ವಾನ್ಸಿನ ಮುಕ್ಕಾಲು ಭಾಗ ಮುರಿದುಕೊಂಡರು.

ಹೀಗೆ ದಾವಣಗೆರೆ ನನ್ನನ್ನು ಹೊಸ್ತಿಲಲ್ಲೇ ತಡೆಯಿತು. ಬೆಂಗಳೂರು ಒಳಗೆ ಕರೆದು, ಅಡ್ವಾನ್ಸು ಇಸಕೊಂಡು, ನನ್ನ ಕೈಯಿಂದಲೇ ನನ್ನನ್ನು ಟ್ರಂಕಿನಲ್ಲಿ ಇಡಿಸಿ, ಆಮೇಲೆ ಹೊರಗೆ ಹಾಕಿತು. ಯಾವುದು ವಾಸಿ ಅಂತ ಗೆಳೆಯರು ಕೇಳುತ್ತಾರೆ. ಹತ್ತಿರದ ಪಟ್ಟಣಕ್ಕೆ ನಮ್ಮ ಜಾತಿ ನಮ್ಮ ಜೊತೆಗೇ ಬಸ್ಸು ಹತ್ತಿ ಬರುತ್ತದೆ. ದೂರದ ಪಟ್ಟಣಕ್ಕೆ ಅದು ಹಿಂದಿನ ಬಸ್ಸಿಗೆ ಬರುತ್ತದೆ.

ಇದು ನನಗೊಬ್ಬನಿಗೆ ಆದದ್ದಲ್ಲ. ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಇರಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿ ಸೇರಿಕೊಂಡರು. ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೇ ದಿನ ಬಡಿಗೆ ಹಿಡಿದ ಜನ ಬಂದು ನಿಂತರು, ಸಂಜೆಯೊಳಗೆ ಖಾಲಿ ಮಾಡು ಎಂದರು. ಗೆಳೆಯರೂ ಒಂದೊಂದು ನೆಪ ಹೇಳಿದರು. ಊರ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟರು. ಆ ನೋವನ್ನು ಅವರೇ ಬರೆದಿಟ್ಟಿದ್ದಾರೆ. ಹೆಸರು ಬದಲಾಯಿಸಿ ರೂಮು ಹಿಡಿದದ್ದು ಓದಿದಾಗ ನನ್ನ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ನಾನು ಹೇಳಬೇಕೆಂದಿರುವುದು ಆ ರೈಲಿನ ವಿಷಯ. ಬೊಂಬಾಯಿಯಲ್ಲಿ ಜಾತಿ ಇರಲಿಲ್ಲವೇ? ಅಲ್ಲಿನ ಬಟ್ಟೆ ಮಿಲ್ಲುಗಳಲ್ಲಿ ನೇಯ್ಗೆ ಖಾತೆಗೆ ನಮ್ಮವರನ್ನು ಬಿಡುತ್ತಿರಲಿಲ್ಲ. ನೂಲು ಕಡಿದರೆ ಬಾಯಿಂದ ಎಳೆಯಬೇಕು, ಎಂಜಲಾಗುತ್ತದೆ ಅಂತ. ಆದರೆ ಬೊಂಬಾಯಿಯಲ್ಲಿ ಪರೇಲಿನ ಚಾಳು ಇತ್ತು. ಆ ಚಾಳಿನಲ್ಲಿ ಹೆಸರು ಬದಲಾಯಿಸಬೇಕಾಗಿರಲಿಲ್ಲ. ಬರೋಡಾದಲ್ಲಿ ಅವರು ಒಬ್ಬರೇ, ಬೊಂಬಾಯಿಯಲ್ಲಿ ನಮ್ಮ ಜನ ಗುಂಪಾಗಿ ಇದ್ದರು. ನಮ್ಮ ಸಿದ್ಧಲಿಂಗಯ್ಯನವರನ್ನು ನೋಡಿ. ಮಾಗಡಿ ಕಡೆಯ ಮಂಚನಬೆಲೆಯಿಂದ ಬಂದು ಬೆಳೆದದ್ದು ಬೆಂಗಳೂರಿನ ಶ್ರೀರಾಮಪುರದಲ್ಲಿ, ನಮ್ಮಂಥವರೇ ತುಂಬಿದ ಕಡೆ. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ಸಂಘರ್ಷ ಸಮಿತಿ ಕಟ್ಟಿದರು. ಭದ್ರಾವತಿ ಏನು ದೊಡ್ಡ ಪಟ್ಟಣವೇ? ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ, ಅಷ್ಟೇ. ದೊಡ್ಡ ಪಟ್ಟಣದಲ್ಲಿ ಏಟು ಬೀಳುವುದಿಲ್ಲ ಅನ್ನುವವರು 1973ರ ಬೂಸಾ ಗಲಾಟೆಯನ್ನು ಹಿರಿಯರ ಹತ್ತಿರ ಕೇಳಿ ತಿಳಿಯಿರಿ. ನಮ್ಮ ಹುಡುಗರು ಹೊಡೆತ ತಿಂದದ್ದು ಹಳ್ಳಿಯಲ್ಲಲ್ಲ.

ಆದ್ದರಿಂದ ಸಂಬಳ ಎಷ್ಟು ಅಂತ ಕೇಳುವ ಮೊದಲು, ರಾತ್ರಿ ಹನ್ನೊಂದಕ್ಕೆ ರೂಮು ಖಾಲಿ ಮಾಡು ಅಂದರೆ ಟ್ರಂಕು ಹೊತ್ತು ಯಾರ ಮನೆಗೆ ಹೋಗುತ್ತೀ ಅಂತ ಕೇಳಿಕೊಳ್ಳಿ. ಆ ಮನೆ ಇರುವ ಊರಿಗೆ ಹೋಗಿ.

ಇಲ್ಲಿಗೆ ನನ್ನ ಭಾಷಣ ಮುಗಿಯಬೇಕಿತ್ತು. ಮೊನ್ನೆ ಇದನ್ನೇ ಫೋನಿನಲ್ಲಿ ಅಕ್ಕನಿಗೆ ಓದಿ ಹೇಳಿದೆ. ಅವಳು ನನ್ನ ದೊಡ್ಡವ್ವನ ಮಗಳು. ದೊಡ್ಡವ್ವನಿಗೆ ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. ಇಲ್ಲಿ ಕೂತವರಿಗೆ ಗೊತ್ತಿರುವುದೇ, ಆದರೂ ಅಕ್ಕನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಮುತ್ತು ಕಟ್ಟುವುದು ಅಪರಾಧ ಅಂತ 1982ರಲ್ಲೇ ಕಾಯ್ದೆಯಾಯಿತು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಕಲಮು ಮಾತ್ರ ಹೋಗಲಿಲ್ಲ. ಅಂಥ ತಾಯಂದಿರ ಮಕ್ಕಳಿಗೆ ತಂದೆಯ ಹೆಸರು ಹೇಳು ಅಂತ ಒತ್ತಾಯ ಮಾಡುವ ಹಾಗಿಲ್ಲ ಎನ್ನುವ ವಿಧೇಯಕ ವಿಧಾನಮಂಡಲದಲ್ಲಿ ಪಾಸಾಗಲು 2025 ಬರಬೇಕಾಯಿತು. ಅಕ್ಕ ಶಾಲೆ ಬಿಟ್ಟು ಅಷ್ಟೊತ್ತಿಗೆ ಇಪ್ಪತ್ತು ವರ್ಷ. ಈಗ ಅವಳು ಬೆಂಗಳೂರಿನ ಪೀಣ್ಯ ಕಡೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಾಳೆ. ಎಲ್ಲ ಕೇಳಿ ಅವಳು ಹೇಳಿದ್ದು ಇಷ್ಟು:

"ನೀ ಗಂಡಸು, ತಮ್ಮಾ. ನಿನಗ ಎರಡ ಪ್ರಶ್ನೆ, ಯಾವೂರು, ಯಾವ ಕೇರಿ. ನನಗ ಮೂರನೇದು ಐತಿ, ನಿಮ್ಮವ್ವ ಯಾರು ಅಂತ. ದಾವಣಗೆರ್ಯಾಗ ಅದನ್ನ ಬಾಯಿ ಬಿಟ್ಟು ಕೇಳೋದೂ ಬೇಕಾಗಿಲ್ಲ, ಊರ ಗಂಡಸ್ರು ದಿನಾ ಅಲ್ಲಿಗೆ ಬರ್ತಾರ, ನೋಡೋ ನೋಟದಾಗ ಗೊತ್ತಾಗತೈತಿ. ಇಲ್ಲಿ ನಾನು ಮಿಷನ್ ಮ್ಯಾಲೆ ಕೂರೋ ಟೇಲರು, ಅಷ್ಟ. ನನ್ನ ಮಗಳ ಶಾಲ್ಯಾಗ ನಾನು ಅವಳವ್ವ, ಅಷ್ಟ. ಗುಂಪು ಗುಂಪು ಅಂತೀಯಲ್ಲ, ನನ್ನ ಗುರುತು ಇರೋ ಗುಂಪು ನನಗ ಬ್ಯಾಡಾಗೇತಿ. ಊರಿಗೆ ಬರ್ತೀನಿ, ಇಲ್ಲ ಅನ್ನಂಗಿಲ್ಲ. ಭರತ ಹುಣ್ಣಿಮಿಗೆ ಮಾತ್ರ ಮಗಳನ್ನ ಕರಕೊಂಡು ಬರಂಗಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಮುಚ್ಚಿಟ್ಟುಕೊಂಡು ಬದುಕುವುದು ಹೇಡಿತನ ಅಂತ ಒಂದು ಸಾಲು ಬರೆದುಕೊಂಡಿದ್ದೆ, ಚಪ್ಪಾಳೆ ಬೀಳುತ್ತದೆ ಅಂತ ಆಸೆಯೂ ಇತ್ತು. ಆ ಸಾಲು ಹೊಡೆದು ಹಾಕಿದ್ದೇನೆ, ಕಾಗದ ಇಲ್ಲೇ ಇದೆ ನೋಡಿ. ಟ್ರಂಕಿನಲ್ಲಿ ಫೋಟೋ ಇಟ್ಟ ನನಗೂ, ಮಗಳನ್ನು ಹುಣ್ಣಿಮೆಯಿಂದ ದೂರ ಇಟ್ಟ ಅವಳಿಗೂ ಒಂದೇ ಮಾತು ಅನ್ವಯಿಸುವುದಿಲ್ಲ. ಈ ಊರಿನ ಹುಡುಗಿಯರು ಯಾವ ಪಟ್ಟಣ ಆರಿಸಿಕೊಳ್ಳಬೇಕು ಅಂತ ಹೇಳುವ ಹಕ್ಕು ನನಗಿಲ್ಲ. ಅವರೇ ಇಲ್ಲಿ ನಿಂತು ಮಾತಾಡಬೇಕು. ಇವತ್ತಿನ ವೇದಿಕೆ ಮೇಲೆ ಒಬ್ಬ ಹೆಣ್ಣುಮಗಳೂ ಇಲ್ಲ, ಅದನ್ನು ಸಂಘದವರಿಗೆ ನಾನು ಆಗಲೇ ಹೇಳಿದ್ದೇನೆ, ಮತ್ತೆ ಹೇಳುತ್ತಿದ್ದೇನೆ.

ನಾನು ದಾವಣಗೆರೆಗೆ ಹೋಗುತ್ತೇನೆ. ಅವ್ವನಿಗೆ ಮೊಣಕಾಲು ನೋವು, ಶನಿವಾರ ಸಂಜೆ ಬಂದು ನೀರು ತುಂಬಿ ಹೋಗಬಹುದು. ಸಂಘದ ಕೆಲಸಕ್ಕೂ ಕೈಗೆ ಸಿಗುತ್ತೇನೆ. ಹಾಸ್ಟೆಲಿನಲ್ಲಿ ಜೊತೆಗಿದ್ದ ಮೂವರು ಗೆಳೆಯರು ಮಂಡಕ್ಕಿ ಭಟ್ಟಿಗಳ ಹತ್ತಿರ ಒಂದು ಮನೆ ಹಿಡಿದಿದ್ದಾರೆ. ಭಟ್ಟಿ ನಡೆಸುವ ಸಾಬರೊಬ್ಬರ ಮನೆ. ಅವರು ಕೇಳಿದ್ದು ಎರಡೇ, ಬಾಡಿಗೆ ಯಾವ ತಾರೀಖಿಗೆ, ರಾತ್ರಿ ಎಷ್ಟೊತ್ತಿಗೆ ಬರ್ತೀರಿ. ಆ ಪಟ್ಟಣದಲ್ಲಿ ಅವರಿಗೂ ಬೇಕಾದ ಓಣಿಯಲ್ಲಿ ಮನೆ ಸಿಗುವುದಿಲ್ಲ. ಭಟ್ಟಿಯ ಹೊಗೆಗೆ ಗೋಡೆ ಕಪ್ಪಾಗಿದೆ. ಫೋಟೋ ಗೋಡೆ ಮೇಲೆ ಹಾಕಿದ್ದೇವೆ, ವಾರಕ್ಕೊಮ್ಮೆ ಗಾಜು ಒರೆಸಬೇಕಾಗುತ್ತದೆ.

ಪರೀಕ್ಷೆಗೋ ಇಂಟರ್‌ವ್ಯೂಗೋ ಬರುವ ತಮ್ಮಂದಿರು ಯಾವೊತ್ತಿಗಾದರೂ ಬರಬಹುದು. ಚಾಪೆ ಎರಡಿವೆ, ಹೊದಿಕೆ ನೀವೇ ತನ್ನಿ. ಗಾರ್ಮೆಂಟ್ಸ್ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುವ ತಂಗಿಯರು ಮೊದಲ ತಿಂಗಳು ತನ್ನ ಮನೆಯಲ್ಲಿ ಇರಬಹುದು ಅಂತ ಅಕ್ಕ ಹೇಳಿದ್ದಾಳೆ, ಒಂದು ಸಲಕ್ಕೆ ಇಬ್ಬರು ಮಾತ್ರ. ಅವಳ ನಂಬರು ನನ್ನ ಅವ್ವನ ಹತ್ತಿರ ಇದೆ, ಗಂಡಸರಿಗೆ ಕೊಡುವುದಿಲ್ಲ.

ಜೈ ಭೀಮ್. ಪದ್ಯ ಊಟ ಆದ ಮೇಲೆ ಓದುತ್ತೇನೆ.