ಪದಕದ ಹಿಂದಿನ ದಾರಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜೂಲಿಯನ್ ಆಲ್ಫ್ರೆಡ್ 100 ಮೀಟರ್ ಓಟವನ್ನು 10.72 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದಾಗ, ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಸೇಂಟ್ ಲೂಸಿಯಾಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ದಕ್ಕಿತು. ಟಿ.ವಿ. ಮತ್ತೆ ಮತ್ತೆ ತೋರಿಸಿದ್ದು ಆ ಹನ್ನೊಂದು ಸೆಕೆಂಡುಗಳನ್ನು. ಬರಿಗಾಲಲ್ಲಿ ಓಡಿ ಬೆಳೆದ ಹುಡುಗಿ ಹದಿನಾಲ್ಕರ ಹರೆಯದಲ್ಲೇ ಮನೆ ಬಿಟ್ಟು ಜಮೈಕಾದ ಶಾಲೆ ಸೇರಿದ್ದು, ಆಮೇಲೆ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಪಳಗಿದ್ದು ತೆರೆಯ ಮೇಲೆ ಕಂಡದ್ದು ಕಡಿಮೆ.

ಮಾಧ್ಯಮವೇ ಇಲ್ಲದಿದ್ದರೆ ಇಂಥ ದ್ವೀಪದ ಮಕ್ಕಳಿಗೆ ಕನಸಾದರೂ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಮಾತು ನಿಜ. ಆದರೆ ಗೆಲುವನ್ನಷ್ಟೇ ತೋರಿಸಿದರೆ ಆಸೆ ಹುಟ್ಟುತ್ತದೆ, ದಾರಿ ತಿಳಿಯುವುದಿಲ್ಲ. ಮೈದಾನ, ತರಬೇತುದಾರ, ಶಾಲೆ ಸಿಗದೆ ಹಿಂದುಳಿದವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಮಕ್ಕಳಿಗೆ ಪದಕದ ಜೊತೆಗೆ ಆ ದಾರಿಯನ್ನೂ ತೋರಿಸೋಣ.