ನಮ್ಮ ಮನೆತನದ ಚಿತ್ರಕಾರ ಹಿರಿಯರು



ಶತಮಾನೋತ್ಸವದ ಈ ದಿನ ದೇವಾಲಯ ಕಟ್ಟಿದ ಗುರುಗಳನ್ನೂ ದಾನಿಗಳನ್ನೂ ಹೆಸರು ಹಿಡಿದು ಸ್ಮರಿಸಿದೆವು. ಆದರೆ ಪ್ರತಿಯೊಂದು ಮನೆತನದಲ್ಲಿಯೂ ಲೆಕ್ಕದ ಪುಸ್ತಕಕ್ಕೆ ಸಿಗದ ಹಿರಿಯರೊಬ್ಬರಿರುತ್ತಾರೆ. ಗದ್ದೆಯ ವ್ಯವಹಾರ ಅವರಿಗೆ ತಿಳಿಯದು; ಕ್ರಿಸ್ಮಸ್ಸಿಗೆ ಗೋದಲಿ ಕಟ್ಟಲು ಮಾತ್ರ ಅವರೇ ಬೇಕು. ಕರಾವಳಿಯ ಕಥೋಲಿಕ ಕುಟುಂಬಕ್ಕೆ ಅಂತಹ ಹಿರಿಯರು ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ.

1854ರಲ್ಲಿ ಇಟಲಿಯ ಬೆರ್ಗಮೊ ನಗರದ ಸಮೀಪ ಜನಿಸಿದ ಇವರು ಅಲ್ಲಿಯ ಕರಾರಾ ಕಲಾಶಾಲೆಯಲ್ಲಿ ಕಲಿತು ಚಿತ್ರಕಾರರಾದವರು. 1889ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಸಂಪಾದನೆಯ ದಾರಿ ತೊರೆದು ಯೇಸುಸಭೆಯನ್ನು ಸೇರಿದರು; ಗುರುಗಳಾಗಲು ಅಲ್ಲ, ಸಹೋದರರಾಗಿ ಉಳಿಯಲು. ಸಹೋದರರಿಗೆ ಬಲಿಪೂಜೆ ಅರ್ಪಿಸುವ ಅಧಿಕಾರವಿಲ್ಲ, ಪ್ರಬೋಧನೆಯ ಪೀಠವಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಗಳೇ ಅವರ ಪೀಠವಾದವು. ಜೆಪ್ಪು ಗುರುಮಠದಲ್ಲಿದ್ದಾಗ ನಾವು ಅನೇಕ ಸಲ ಅಲ್ಲಿ ತಲೆಯೆತ್ತಿ ನಿಂತಿದ್ದೇವೆ. ತರಗತಿಗಿಂತ (ನಮ್ಮ ಪ್ರಾಧ್ಯಾಪಕರು ಕ್ಷಮಿಸಲಿ) ಅಲ್ಲಿಯೇ ಹೆಚ್ಚು ಕಲಿತೆವೋ ಏನೋ.

ಛಾವಣಿಯದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಗೋಡೆಯದು ಹಸಿ ಗಾರೆಯ ಮೇಲಿನ ಚಿತ್ರ. ಗಾರೆ ಆರುವ ಮುನ್ನ ಬಣ್ಣ ಹಚ್ಚಿ ಮುಗಿಸಬೇಕು. ಆರಿತೆಂದರೆ ಬಣ್ಣ ಗೋಡೆಯ ಅಂಗವೇ ಆಗುತ್ತದೆ. ತಿದ್ದಬೇಕಾದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಆದ್ದರಿಂದ ಒಂದು ದಿನಕ್ಕೆ ಬೇಕಾದಷ್ಟೇ ಗಾರೆ. ಪ್ಲೇಗಿನ ರೋಗಿಗಳನ್ನು ಸಂತ ಅಲೋಶಿಯಸರು ಉಪಚರಿಸುವ ಚಿತ್ರವೂ ಅಲ್ಲಿದೆ. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂದಿತ್ತು. ಅಂದಿನ ಭಕ್ತರಿಗೆ ಅದು ಹಳೆಯ ಕಥೆಯಾಗಿರಲಿಲ್ಲ.

ವಿಧೇಯತೆಯ ವ್ರತ ತೊಟ್ಟವರಿಗೆ ಸ್ವಾತಂತ್ರ್ಯವೆಲ್ಲಿಯದು ಎಂದು ನೀವು ಕೇಳಬಹುದು. ಹೆಸರು, ಹಣ, ಊರು ಮೂರನ್ನೂ ಬಿಟ್ಟು ಬಂದವರ ಕೈಯನ್ನು ಹಿಡಿಯುವವರು ಯಾರು? 1905ರಲ್ಲಿ ಕೊಚ್ಚಿಯಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಪೀಠದ ಹಿಂದಿನ ಹಳೆಯ ಚಿತ್ರ ಮಸುಕಾಗಿದೆ, ಉತ್ಸವದ ಹೆಸರಿನಲ್ಲಿ ಅದಕ್ಕೆ ಹೊಸ ಬಣ್ಣ ಬಳಿದುಬಿಡೋಣ ಎಂಬ ಸಲಹೆ ಬಂದಿದೆ. ಅದನ್ನು ಬರೆದವರು ಈ ಧರ್ಮಕೇಂದ್ರದವರೇ ಆದ ಅಜ್ಜ, ಯಾವ ಕಲಾಶಾಲೆಯನ್ನೂ ಕಾಣದವರು. ಮಂಗಳೂರಿಗೆ ಹೋಗಿ ಮೊಸ್ಕೇನಿಯವರ ಗೋಡೆಗಳನ್ನು ನೋಡಿ ಬಂದು ಕುಂಚ ಹಿಡಿದರೆಂದು ಅವರ ಮೊಮ್ಮಕ್ಕಳು ಹೇಳುತ್ತಾರೆ. ಆ ದೇವದೂತರನ್ನು ಹತ್ತಿರದಿಂದ ನೋಡಿರಿ: ಮುಖಗಳೆಲ್ಲ ನಮ್ಮ ಊರಿನ ಮಕ್ಕಳವೇ. ಮಂಗಳೂರಿನ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಶುಚಿಗೊಳಿಸಿ ಉಳಿಸಿಕೊಟ್ಟರು. ನಮ್ಮದನ್ನೂ ತಿಳಿದವರಿಗೆ ತೋರಿಸೋಣ. ಅಲ್ಲಿಯವರೆಗೆ ಯಾವ ಬಣ್ಣದ ಡಬ್ಬಿಯೂ ಆ ಗೋಡೆಯ ಸಮೀಪ ಹೋಗಕೂಡದು.