ಎದೆ ತುಂಬಬೇಕಾದರೆ ಬೆನ್ನೂ ಬೆಳೆಯಬೇಕು



ವ್ಯಾಯಾಮದ ಮಾತನ್ನು ಬಾನುಲಿಯಲ್ಲಿ ಹೇಳುವುದು ಸ್ವಲ್ಪ ಕಷ್ಟ. ಮಾಡಿ ತೋರಿಸುವ ಹಾಗಿಲ್ಲ. ಆದರೆ ನಿಮ್ಮ ಮೈ ನಿಮ್ಮ ಹತ್ತಿರವೇ ಇದೆಯಲ್ಲ, ಅದನ್ನೇ ಮುಟ್ಟಿ ನೋಡಿಕೊಂಡು ಶುರು ಮಾಡೋಣ. ಮೇಜೊಂದು ಎದುರಿಗಿದ್ದರೆ ಅದರ ಮುಂದೆ ಕೂತುಕೊಳ್ಳಿ. ಎಡಗೈಯನ್ನು ಬಲ ಎದೆಯ ಮೇಲೆ ಹರವಿ ಇಡಿ. ಈಗ ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಮೇಜಿನ ಕೆಳಗೆ ಕೊಟ್ಟು, ಮೇಜನ್ನು ಎತ್ತುವವರ ಹಾಗೆ ಮೇಲಕ್ಕೆ ಒತ್ತಿ. ಕೊರಳೆಲುಬಿನ ಕೆಳಗೆ, ಅಂಗಿಯ ಮೊದಲ ಗುಂಡಿಯ ಪಕ್ಕದಲ್ಲಿ ಏನೋ ಬಿಗಿಯಾಯಿತು, ಅಲ್ಲವೇ? ಈಗ ಅದೇ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ. ಈ ಸಲ ಮೇಲಿನ ಭಾಗ ಸಡಿಲವಾಗಿ, ಕಂಕುಳಿನ ಅಂಚು ಮತ್ತು ಎದೆಯ ಕೆಳಭಾಗ ಗಟ್ಟಿಯಾಗುತ್ತದೆ.

ಎದೆಯ ಸ್ನಾಯುವಿನ ಗುಟ್ಟೆಲ್ಲ ಈ ಎರಡು ಒತ್ತಿನಲ್ಲಿದೆ. ಅದು ಒಂದೇ ಹಲಗೆಯಂತಿರುವ ಮಾಂಸವಲ್ಲ, ಬಿಚ್ಚಿದ ಬೀಸಣಿಗೆ. ಬೀಸಣಿಗೆಯ ಅಗಲವಾದ ಅಂಚು ಕೊರಳೆಲುಬಿನಿಂದ ಹಿಡಿದು ನಡುವಿನ ಎದೆಮೂಳೆಯುದ್ದಕ್ಕೂ ಇಳಿದು ಪಕ್ಕೆಲುಬುಗಳವರೆಗೆ ಹರಡಿದೆ. ಹಿಡಿಕೆಯ ತುದಿ ರೆಟ್ಟೆಯ ಎಲುಬಿನ ಮೇಲ್ಭಾಗಕ್ಕೆ ಹೋಗಿ ಸೇರಿದೆ. ಕೊರಳೆಲುಬಿನ ಕಡೆಯ ಎಳೆಗಳು ಕೈಯನ್ನು ಮೇಲಕ್ಕೆ ತರುತ್ತವೆ, ಎದೆಮೂಳೆಯ ಕಡೆಯವು ಮೇಲೆತ್ತಿದ ಕೈಯನ್ನು ಕೆಳಕ್ಕೆಳೆಯುತ್ತವೆ, ಎಲ್ಲವೂ ಸೇರಿ ಕೈಯನ್ನು ಎದೆಗೆ ಅಡ್ಡವಾಗಿ ಒಳಕ್ಕೆ ತರುತ್ತವೆ. ಹೀಗಿರುವಾಗ ಒಂದೇ ದಿಕ್ಕಿನ ಒಂದೇ ಕಸರತ್ತಿನಿಂದ ಇಡೀ ಎದೆ ತುಂಬೀತು ಎಂದು ನಿರೀಕ್ಷಿಸುವುದು ತಪ್ಪು.

ಆದರೆ ನಮ್ಮ ಹುಡುಗರು ಮಾಡುತ್ತಿರುವುದು ಅದನ್ನೇ. ದೋಣಿಮಲೈ ಆಗಲಿ, ಸಂಡೂರು, ಹೊಸಪೇಟೆ, ಕಂಪ್ಲಿಯಾಗಲಿ, ಸೋಮವಾರ ಸಂಜೆ ಯಾವುದಾದರೂ ಜಿಮ್ಮಿಗೆ ಹೋಗಿ ನೋಡಿ. ಚಪ್ಪಟೆ ಬೆಂಚಿನ ಮುಂದೆ ಸರದಿ ನಿಂತಿರುತ್ತದೆ. ‘ಎಷ್ಟು ಹಾಕ್ತೀಯ?’ ಎನ್ನುವುದೇ ಮೊದಲ ಪ್ರಶ್ನೆ. ನಾನೂ ಆ ಸರದಿಯಲ್ಲಿ ನಿಂತವನೇ. ಎರಡು ವರ್ಷ ಬೆಂಚ್ ಪ್ರೆಸ್ ಒಂದನ್ನೇ ಮಾಡಿದೆ. ತೂಕ ಏರಿತು, ಎದೆಯ ಕೆಳಭಾಗ ಉಬ್ಬಿತು, ಕೊರಳೆಲುಬಿನ ಕೆಳಗೆ ಮಾತ್ರ ಹಳ್ಳ ಹಾಗೇ ಉಳಿಯಿತು. ಆಮೇಲೆ ಬಲ ಹೆಗಲಿಗೆ ನೋವು ಬಂತು. ತಲೆ ಬಾಚಿಕೊಳ್ಳಲು ಕೈ ಎತ್ತಲಾಗದೆ ಮೂರು ತಿಂಗಳು ಕಳೆದೆ. ಇವತ್ತು ನಾನು ಹೇಳುವುದರಲ್ಲಿ ಹೆಚ್ಚಿನ ಪಾಲನ್ನು ಆ ಮೂರು ತಿಂಗಳಲ್ಲಿ ಕಲಿತೆ.

ತೂಕ ಎತ್ತಿ ಮೈ ಬೆಳೆಸುವುದು ನಮ್ಮ ಸೀಮೆಗೆ ಹೊಸದಲ್ಲ. ಸುಮಾರು 1520ರಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಹೊರತಂದ ವಿಜಯನಗರದ ಚರಿತ್ರೆಯಲ್ಲಿ ಅದರ ಇಂಗ್ಲಿಷ್ ಅನುವಾದವಿದೆ. ರಾಯ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಕಟ್ಟಿ, ಸುಟ್ಟ ಮಣ್ಣಿನಿಂದ ಮಾಡಿದ ದೊಡ್ಡ ದೊಡ್ಡ ತೂಕಗಳನ್ನು ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಮು. ಆಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ. ಅದೂ ಮುಗಿದ ಮೇಲೆ ಬೆಳಗಾಗುವವರೆಗೆ ಕುದುರೆ ಸವಾರಿ.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ರಾಯ ಎತ್ತಿದ ತೂಕವಲ್ಲ, ಅವನ ಸಾಮಿನ ಕ್ರಮ. ತೂಕ ಎತ್ತುವಾಗ ಮೈ ಒಂದು ಬಗೆಯಲ್ಲಿ ದುಡಿಯುತ್ತದೆ. ಕತ್ತಿ ತಿರುಗಿಸುವಾಗ ಹೆಗಲು ಸುತ್ತಲೂ ತಿರುಗುತ್ತದೆ. ಕುಸ್ತಿಯಲ್ಲಿ ತಳ್ಳುವುದೂ ಉಂಟು, ಎಳೆಯುವುದೂ ಉಂಟು. ಒಂದು ಮುಂಜಾವಿನಲ್ಲಿ ಎದೆ, ಬೆನ್ನು, ಹೆಗಲು, ತೊಡೆ ಎಲ್ಲಕ್ಕೂ ಕೆಲಸ. ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೆತ್ತಿರುವ ಜಟ್ಟಿಗಳನ್ನು ನಿಧಾನವಾಗಿ ನೋಡಿ. ಒಬ್ಬ ಹಿಡಿದೆಳೆದರೆ ಇನ್ನೊಬ್ಬ ತಳ್ಳುತ್ತಾನೆ. ತಳ್ಳುವ ಶಕ್ತಿ ಎಷ್ಟಿದೆಯೋ ಎಳೆಯುವ ಶಕ್ತಿಯೂ ಅಷ್ಟೇ ಇಲ್ಲದವನು ಮಣ್ಣಿನಲ್ಲಿ ನಿಲ್ಲಲಾರ.

ಗರಡಿಮನೆಯ ಉಸ್ತಾದರು ಇದನ್ನು ಬಾಯಲ್ಲಿ ವಿವರಿಸದಿದ್ದರೂ ಸಾಮಿನಲ್ಲಿ ಅಳವಡಿಸಿದ್ದರು. ದಂಡ ಹೊಡೆಯುವುದನ್ನೇ ತೆಗೆದುಕೊಳ್ಳಿ. ಸೊಂಟ ಮೇಲೆತ್ತಿ ನಿಂತು, ಎದೆಯನ್ನು ನೆಲದ ಹತ್ತಿರದಿಂದ ಜಾರಿಸಿ, ತಲೆ ಎತ್ತಿ ಮೇಲಕ್ಕೆ ಬರುವ ಆ ಚಲನೆಯಲ್ಲಿ ಕೈಯ ಕೋನ ಉದ್ದಕ್ಕೂ ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ಬೀಸಣಿಗೆಯ ಬೇರೆ ಬೇರೆ ಎಳೆಗಳಿಗೆ ಸರದಿಯಂತೆ ಕೆಲಸ ಸಿಗುತ್ತದೆ. ಗದೆ ತಿರುಗಿಸಿದಾಗ ಹೆಗಲ ಕೀಲನ್ನು ಹಿಡಿದಿಡುವ ಸಣ್ಣ ಸ್ನಾಯುಗಳು ಗಟ್ಟಿಯಾಗುತ್ತವೆ. ಗುಂಡುಕಲ್ಲನ್ನು ಮಂಡಿಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತರುವಾಗ ಬೆನ್ನು ದುಡಿಯುತ್ತದೆ.

ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ಇಲ್ಲಿ ನೆನೆಯಲೇಬೇಕು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು ಎಂದು ಕನ್ನಡಿಗರಿಗೆ ಅವರು ಗೊತ್ತು. ಆದರೆ ಅವರ ಕಸುಬು ಅಂಗಸಾಧನೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಕಬ್ಬಿಣದ ತೂಕವನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ಕಲಿಸಿದವರು. ಊರೂರಿನವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಬಾರ್‌ಬೆಲ್ ಹಿಡಿದವನು ಯೋಗ ಮಾಡಬಾರದು, ಯೋಗ ಮಾಡುವವನು ಬಾರ್‌ಬೆಲ್ ಮುಟ್ಟಬಾರದು ಎಂಬ ಜಗಳ ಅವರ ಶಾಲೆಯಲ್ಲಿ ಇರಲಿಲ್ಲ. ಅವರ ಆ ದಾರಿಯೇ ಸರಿ ಎಂದು ನನ್ನ ನಂಬಿಕೆ.

ಈಗ ಕೆಲಸಕ್ಕೆ ಬರೋಣ.

ಮೊದಲನೆಯದು ಬೆಂಚಿನ ಇಳಿಜಾರು. ಬೆಂಚಿನ ತಲೆಯ ಕಡೆಯನ್ನು ಸುಮಾರು 30 ಡಿಗ್ರಿ ಎತ್ತರಿಸಿ ಮಾಡುವ ಇನ್‌ಕ್ಲೈನ್ ಪ್ರೆಸ್ ಎದೆಯ ಮೇಲ್ಭಾಗವನ್ನು ಹೆಚ್ಚು ದುಡಿಸುತ್ತದೆ. ಇನ್ನೂ ಎತ್ತರಿಸುತ್ತಾ ಹೋದರೆ ಭಾರ ಎದೆಯಿಂದ ಜಾರಿ ಹೆಗಲಿಗೆ ಹೋಗುತ್ತದೆ. ಮೇಲ್ಭಾಗ ಹಿಂದೆ ಬಿದ್ದವರು ಇದನ್ನೇ ಮೊದಲು, ಮೈಯಲ್ಲಿ ಕಸುವು ಪೂರ್ತಿ ಇರುವಾಗ ಮಾಡಬೇಕು. ಚಪ್ಪಟೆ ಬೆಂಚು ಆಮೇಲೆ. ಹೊಸಬರಿಗೆ ಇನ್‌ಕ್ಲೈನ್ ಮೂರು ಸೆಟ್, ಚಪ್ಪಟೆ ಎರಡು ಸೆಟ್ ಸಾಕು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಮಾಡಿದರೆ ವಾರಕ್ಕೆ ಹತ್ತು ಸೆಟ್ ಆಯಿತು. ಇಪ್ಪತ್ತು ಸೆಟ್ಟನ್ನು ಒಂದೇ ಸಂಜೆ ಸುರಿದು ವಾರವೆಲ್ಲ ಮೈಕೈ ನೋವು ಅನುಭವಿಸುವುದಕ್ಕಿಂತ ಇದು ಎಷ್ಟೋ ಮೇಲು.

ತೂಕ ಏರಿಸುವುದಕ್ಕೂ ಒಂದು ಲೆಕ್ಕವಿದೆ. ಎಂಟು ಸಲ ಚೊಕ್ಕವಾಗಿ ಎತ್ತಬಲ್ಲ ತೂಕದಿಂದ ಶುರು ಮಾಡಿ. ವಾರ ಕಳೆದಂತೆ ಒಂಬತ್ತು, ಹತ್ತು. ಎಲ್ಲ ಸೆಟ್ಟಿನಲ್ಲೂ ಹನ್ನೆರಡು ಬಂದ ದಿನ ಎರಡೂ ಬದಿ ಸೇರಿ ಎರಡೂವರೆ ಕಿಲೋ ಹೆಚ್ಚಿಸಿ ಮತ್ತೆ ಎಂಟಕ್ಕೆ ಬನ್ನಿ. ಸೆಟ್ಟಿನ ನಡುವೆ ಎರಡು ನಿಮಿಷ ಸುಧಾರಿಸಿಕೊಳ್ಳಿ. ಕೊನೆಯಲ್ಲಿ ಇನ್ನೊಂದೆರಡು ಸಲ ಎತ್ತುವ ಶಕ್ತಿ ಉಳಿದಿರುವಾಗಲೇ ನಿಲ್ಲಿಸಿ. ಜಿಮ್ಮಿನ ಉದ್ದನೆಯ ಬಾರ್ ಒಂದೇ 20 ಕಿಲೋ ತೂಗುತ್ತದೆ ಎಂಬುದನ್ನು ಮರೆಯಬೇಡಿ. ಬೆಂಚಿನ ಮೇಲೆ ಒಬ್ಬರೇ ಇರುವಾಗ ಭಾರದ ಬಾರ್ ಎತ್ತಲೇಬೇಡಿ. ಎದೆಯ ಮೇಲೋ ಕುತ್ತಿಗೆಯ ಮೇಲೋ ಬಾರ್ ಕೂತರೆ ಜೀವಕ್ಕೇ ಅಪಾಯ. ತಲೆಯ ಹತ್ತಿರ ಒಬ್ಬ ಗೆಳೆಯ ನಿಂತಿರಲಿ.

ಎತ್ತುವ ರೀತಿಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತೇನೆ. ಬೆಂಚಿನ ಮೇಲೆ ಮಲಗಿ ಹೆಗಲ ಹಿಂದಿನ ಎರಡೂ ಹಲಗೆ ಎಲುಬುಗಳನ್ನು ಹಿಂದಕ್ಕೆಳೆದು, ಅವುಗಳ ನಡುವೆ ಒಂದು ನಿಂಬೆಹಣ್ಣನ್ನು ಒತ್ತಿ ಹಿಡಿದಂತೆ ಇಟ್ಟುಕೊಳ್ಳಿ. ಎದೆ ತಾನಾಗಿ ಮುಂದೆ ಬರುತ್ತದೆ. ಮೊಣಕೈಗಳು ಮೈಯಿಂದ ನೇರ ಅಡ್ಡಕ್ಕೆ ಚಾಚಬಾರದು, ಪಕ್ಕೆಗೆ ಅಂಟಲೂಬಾರದು, ಎರಡರ ನಡುವೆ ಇರಲಿ. ಬಾರನ್ನು ಎರಡು ಮೂರು ಸೆಕೆಂಡು ತೆಗೆದುಕೊಂಡು ಇಳಿಸಿ. ಎದೆಗೆ ಮುಟ್ಟಿಸಿ, ಪುಟಿಸಬೇಡಿ. ಉಸಿರು ಬಿಡುತ್ತಾ ಎತ್ತಿ. ನನ್ನ ಹೆಗಲು ಕೆಟ್ಟದ್ದು ಮೊಣಕೈ ಅಡ್ಡಕ್ಕೆ ಚಾಚಿ, ಬಾರನ್ನು ಪುಟಿಸಿ ಎತ್ತಿದ್ದರಿಂದಲೇ.

ಎಡ ಎದೆ ಸಣ್ಣದು, ಬಲ ದೊಡ್ಡದು ಎಂದು ಕೊರಗುವವರು ಬಹಳ ಮಂದಿ. ಸ್ವಲ್ಪ ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ. ನಡುವಿನ ಸಂದು, ಸ್ನಾಯುವಿನ ಅಂಚಿನ ಆಕಾರ ಇವೆಲ್ಲ ಹುಟ್ಟಿನಿಂದ ಬಂದವು. ಯಾವ ಕಸರತ್ತೂ ಅವನ್ನು ಬದಲಿಸದು. ಆದರೆ ಬಲಗೈ ಹೆಚ್ಚು ಭಾರ ಹೊರುವುದರಿಂದ ಬಂದ ವ್ಯತ್ಯಾಸವನ್ನು ಸರಿಪಡಿಸಬಹುದು. ಬಾರ್ ಬಿಟ್ಟು ಕೆಲವು ತಿಂಗಳು ಡಂಬೆಲ್ ಹಿಡಿಯಿರಿ. ಒಂದೊಂದು ಕೈಯಲ್ಲಿ ಬೇರೆ ಬೇರೆಯಾಗಿ, ಸೋತ ಕೈಯಿಂದಲೇ ಶುರು ಮಾಡಿ, ಅದು ಎಷ್ಟು ಸಲ ಎತ್ತಿತೋ ಗಟ್ಟಿ ಕೈಯೂ ಅಷ್ಟೇ ಸಲ ಎತ್ತಲಿ.

ಜಿಮ್ ಇಲ್ಲದ ಹಳ್ಳಿಯಲ್ಲಿದ್ದೇವೆ ಎನ್ನುವವರಿಗೆ ನೆಲವೇ ಬೆಂಚು. ಪುಶ್-ಅಪ್ ಮಾಡುವಾಗ ನಿಮ್ಮ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕೈಗಳ ಮೇಲಿರುತ್ತದೆ. 60 ಕಿಲೋ ತೂಗುವವನು ಹತ್ತಿರ ಹತ್ತಿರ 40 ಕಿಲೋ ತಳ್ಳಿದಂತೆ. ಮಂಡಿಯೂರಿದರೆ ಅದು ಮೈತೂಕದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಾಲನ್ನು ಮನೆಯ ಕಟ್ಟೆಯ ಮೇಲಿಟ್ಟರೆ ಭಾರ ಹೆಚ್ಚುತ್ತದೆ, ಒತ್ತು ಎದೆಯ ಮೇಲ್ಭಾಗಕ್ಕೆ ಬರುತ್ತದೆ. ಇದೇ ಬಡವರ ಇನ್‌ಕ್ಲೈನ್. ಎಳೆಯುವುದಕ್ಕೆ 20 ಲೀಟರಿನ ಕ್ಯಾನಿಗೆ ನೀರು ತುಂಬಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ತೂಕದ ಲೆಕ್ಕ ಸುಲಭ.

ಎಳೆಯುವ ಮಾತು ಬಂತಲ್ಲ, ದೋಣಿಮಲೈಯವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ. ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಇಲ್ಲಿ 1977ರಲ್ಲಿ ಶುರುವಾಯಿತು. ಅದು ಮೊದಲಿನಿಂದಲೂ ಯಂತ್ರದ ಗಣಿ. ಡಂಪರ್ ಓಡಿಸುವವರು, ಶೊವೆಲ್ ನಡೆಸುವವರು, ಕಂಟ್ರೋಲ್ ರೂಮಿನಲ್ಲಿ ಕೂತವರು ಪಾಳಿ ಮುಗಿಯುವ ತನಕ ಕೈಗಳನ್ನು ಮುಂದೆ ಚಾಚಿಯೇ ಇರುತ್ತಾರೆ. ಅವರ ಮಕ್ಕಳು ಪುಸ್ತಕ, ಮೊಬೈಲ್ ಹಿಡಿದು ಹಾಗೆಯೇ ಬಾಗಿರುತ್ತಾರೆ. ಎದೆಯ ಸ್ನಾಯು ಬಿಗಿದು, ಬೆನ್ನಿನದು ಸೊರಗಿ, ಹೆಗಲು ಮುಂದಕ್ಕೆ ಬಾಗುತ್ತದೆ. ಅಂಥ ಮೈಗೆ ಬರೀ ಬೆಂಚ್ ಪ್ರೆಸ್ ಕೊಟ್ಟರೆ ಹೆಗಲಿನ ಕೀಲಿಗೆ ತಾಪತ್ರಯ. ಎಷ್ಟೇ ಮಾಂಸವಿದ್ದರೂ ಬಾಗಿದ ಹೆಗಲಿನ ನಡುವೆ ಎದೆ ಒಳಕ್ಕೆ ಹೋದಂತೆಯೇ ಕಾಣುತ್ತದೆ. ಹಾಗಾಗಿ ಎಷ್ಟು ಸೆಟ್ ತಳ್ಳುತ್ತೀರೋ ಅಷ್ಟೇ ಸೆಟ್ ಎಳೆಯಿರಿ. ಬಾಗಿ ನಿಂತು ಮಾಡುವ ರೋಯಿಂಗ್, ಸಲಾಕೆಗೆ ನೇತುಬಿದ್ದು ಮಾಡುವ ಪುಲ್-ಅಪ್, ಯಾವುದಾದರೂ ಸರಿ. ಬೆನ್ನು ತೀರ ಸೊರಗಿದ್ದರೆ ಮೊದಲ ಎರಡು ತಿಂಗಳು ಎಳೆಯುವುದೇ ಹೆಚ್ಚಿರಲಿ.

ಹೆಣ್ಣುಮಕ್ಕಳೂ ಇದನ್ನೆಲ್ಲ ಮಾಡಬೇಕು. ತೂಕ ಎತ್ತಿದರೆ ಮೈ ಗಂಡಸಿನಂತಾಗುತ್ತದೆ ಎಂಬ ಹೆದರಿಕೆ ಬೇಡ. ಗಂಡಸರಲ್ಲಿ ಮಾಂಸ ಬೆಳೆಸುವ ಟೆಸ್ಟೊಸ್ಟೆರಾನ್ ಹೆಂಗಸರಲ್ಲಿ ಬಹಳ ಕಡಿಮೆ. ಅವರಿಗೆ ಸಿಗುವುದು ಕಸುವು, ನೆಟ್ಟನೆಯ ನಿಲುವು, ವಯಸ್ಸಾದ ಮೇಲೆ ಗಟ್ಟಿ ಎಲುಬು.

ಎದೆಯ ಮೇಲಿನ ಕೊಬ್ಬು ಕರಗಿಸಲು ಎದೆಯ ಕಸರತ್ತು ಮಾಡುವವರಿದ್ದಾರೆ. ಒಂದೇ ಜಾಗದ ಕೊಬ್ಬು ಹಾಗೆ ಕರಗುವುದಿಲ್ಲ. ಅದು ಊಟದ ಹತೋಟಿಯಿಂದ, ಇಡೀ ಮೈಯಲ್ಲಿ ಕರಗಬೇಕು. ಗಂಡುಮಕ್ಕಳ ಎದೆಯಲ್ಲಿ ಮೊಲೆತೊಟ್ಟಿನ ಕೆಳಗೆ ಗಂಟಿನಂತೆ ಸಿಕ್ಕರೆ ವೈದ್ಯರಿಗೆ ತೋರಿಸಿ.

ಊಟದ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ತೂಕ ಎತ್ತುವವರಿಗೆ ದಿನಕ್ಕೆ ಮೈತೂಕದ ಕಿಲೋಗೆ 1.6 ಗ್ರಾಂನಷ್ಟು ಪ್ರೋಟೀನ್ ಸಿಕ್ಕರೆ ಸಾಕು. 60 ಕಿಲೋದವರಿಗೆ 96 ಗ್ರಾಂ. ಇನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20 ಗ್ರಾಂ, ಮೂರು ಮೊಟ್ಟೆಯಲ್ಲಿ 18, ನೂರು ಗ್ರಾಂ ಪುಟಾಣಿಯಲ್ಲಿ 20, ಅರ್ಧ ಲೀಟರ್ ಹಾಲಿನಲ್ಲಿ 16, ಐವತ್ತು ಗ್ರಾಂ ಶೇಂಗಾದಲ್ಲಿ 12, ಐವತ್ತು ಗ್ರಾಂ ಬೇಳೆಯಲ್ಲಿ 11. ಕೂಡಿಸಿ ನೋಡಿ. ಎಲ್ಲವೂ ನಮ್ಮ ಸಂತೆಯಲ್ಲಿ ಸಿಗುವಂಥವೇ. ಸಾವಿರಾರು ರೂಪಾಯಿಯ ಡಬ್ಬದ ಪುಡಿ ಕೊಳ್ಳಲೇಬೇಕೆಂದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ತೂಕ ಮುಟ್ಟುವ ಮೊದಲೂ ಕೇಳಬೇಕು. ಇನ್ನು ಯಾರಾದರೂ ‘ಮೂರು ತಿಂಗಳಲ್ಲಿ ಎದೆ ಬರುತ್ತೆ’ ಎಂದು ಇಂಜೆಕ್ಷನ್ ಚುಚ್ಚಲು ಬಂದರೆ, ತಮ್ಮಂದಿರೇ, ಅವರ ಬಾಗಿಲನ್ನು ಮತ್ತೆ ತುಳಿಯಬೇಡಿ. ಸ್ಟೀರಾಯ್ಡ್ ಹೃದಯವನ್ನೂ ಯಕೃತ್ತನ್ನೂ ಕೆಡಿಸುತ್ತದೆ, ಗಂಡಸಿನ ಮಕ್ಕಳಾಗುವ ಶಕ್ತಿಯನ್ನೇ ಕುಗ್ಗಿಸುತ್ತದೆ.

ನಮ್ಮ ಬೆಟ್ಟದ ದಾರಿಯಲ್ಲಿ ಬಿದ್ದಿರುವ ಕಪ್ಪುಗೆಂಪು ಕಲ್ಲೊಂದನ್ನು ಕೈಗೆತ್ತಿಕೊಂಡವರಿಗೆ ಗೊತ್ತು, ಅದು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಭಾರ. ಅದಿರಿನ ಕಲ್ಲು ಅಷ್ಟೇ ಗಾತ್ರದ ಸಾಮಾನ್ಯ ಕಲ್ಲಿನ ಹತ್ತಿರ ಹತ್ತಿರ ಎರಡರಷ್ಟು ತೂಗುತ್ತದೆ. ಜಿಮ್ಮಿನ ಪ್ಲೇಟುಗಳೂ ಇಂಥ ಕಲ್ಲನ್ನು ಕರಗಿಸಿ ತೆಗೆದ ಕಬ್ಬಿಣವೇ. ಆ ತೂಕವನ್ನು ಗೌರವದಿಂದ ಎತ್ತಿ, ಅಷ್ಟೇ ಗೌರವದಿಂದ ಇಳಿಸಿ.

ಇವತ್ತು ಊಟಕ್ಕೆ ಮೊದಲು ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು, ಅಂಗೈ ಎರಡನ್ನೂ ಗೋಡೆಗೆ ಕೊಟ್ಟು, ಹತ್ತು ಸಲ ನಿಧಾನವಾಗಿ ಬಾಗಿ ತಳ್ಳಿ. ಆಮೇಲೆ ತುಂಬಿದ ಬಿಂದಿಗೆಯೊಂದನ್ನು ಬಾಗಿ ನಿಂತು ಎಡಗೈಯಲ್ಲಿ ಹತ್ತು ಸಲ, ಬಲಗೈಯಲ್ಲಿ ಹತ್ತು ಸಲ ಪಕ್ಕೆಯವರೆಗೆ ಎಳೆಯಿರಿ. ಇಂದಿಗೆ ಅಷ್ಟು ಸಾಕು. ನಾಳೆ ಒಂದು ದಿನ ಬಿಟ್ಟು ನಾಡಿದ್ದು ಮತ್ತೆ ಮಾಡಿ.